ನೆರಳು ಕೇಳದ ಗಿಡಗಳು

ಅತ್ತೆ ತೀರಿಕೊಂಡ ಮೇಲೆ ಆ ಮನೆಯಲ್ಲಿ ಮೊದಲ ಜಗಳ ಎದ್ದದ್ದು ಒಂದು ದಾರದ ತುಂಡಿನಿಂದ.

ಸಂಜೆ ಎಲ್ಲರೂ ಊಟಕ್ಕೆ ಕೂತಿದ್ದರು. ಮಾವನ ತಟ್ಟೆಯ ಬೇಳೆಯಲ್ಲಿ ನೀಲಿ ದಾರವೊಂದು ತೇಲಿತು. ಮಾವ ಅದನ್ನು ಬೆರಳಲ್ಲಿ ಎತ್ತಿ ತಟ್ಟೆಯ ಅಂಚಿಗಿಟ್ಟು ಊಟ ಮುಂದುವರಿಸಿದರು. ಏನಾದರೂ ಅಂದಿದ್ದರೆ ಸೊಸೆಗೆ ಅಷ್ಟು ಉರಿಯುತ್ತಿರಲಿಲ್ಲವೇನೋ.

"ಅಡುಗೆಮನೆ ಬಾಗಿಲಲ್ಲೇ ಮಿಷನ್ ಇಟ್ಕೊಂಡು ಹೊಲಿದರೆ ದಾರ ಬೇಳೆಗೆ ಬೀಳದೆ ಇನ್ನೆಲ್ಲಿಗೆ ಬೀಳುತ್ತೆ?" ಅಂದಳು.

"ನಾನೇನೂ ಅನ್ನಲಿಲ್ಲವಲ್ಲಮ್ಮ."

"ಅನ್ನಲಿಲ್ಲ. ಎತ್ತಿ ಎಲ್ಲರಿಗೂ ಕಾಣೋ ಹಾಗೆ ಇಟ್ರಿ."

ಮೊಮ್ಮಗಳು ಚಿಣ್ಣಿ ಕಿಸಕ್ಕೆಂದು ನಕ್ಕು, ಅಮ್ಮನ ಕಣ್ಣು ನೋಡಿ ನಗುವನ್ನು ಬಾಯಲ್ಲಿದ್ದ ತುತ್ತಿನ ಜೊತೆ ನುಂಗಿಕೊಂಡಳು.

ಸೊಸೆ ಪೇಟೆಯ ಒಂದು ಅಂಗಡಿಗೆ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಿದ್ದಳು. ಇದ್ದದ್ದು ಎರಡು ಕೋಣೆ, ಒಂದು ಹಜಾರ, ಒಂದು ಅಡುಗೆಮನೆ. ಹಜಾರಕ್ಕೂ ಅಡುಗೆಮನೆಗೂ ನಡುವಿನ ಇಕ್ಕಟ್ಟಿನಲ್ಲಿ ಅವಳ ಹೊಲಿಗೆ ಮಿಷನ್ನು. ಪ್ರತಿ ಊಟಕ್ಕೂ ಅದನ್ನು ಗೋಡೆಗೆ ತಳ್ಳಬೇಕು, ಊಟ ಮುಗಿದ ಮೇಲೆ ಎಳೆಯಬೇಕು. ಕತ್ತರಿಸಿಟ್ಟ ಕಾಲರುಗಳು ಚಿಣ್ಣಿಯ ಪುಸ್ತಕದ ಮೇಲೆ, ಚಿಣ್ಣಿಯ ಪುಸ್ತಕ ತೊಳೆದ ಪಾತ್ರೆಯ ಮೇಲೆ. ಯಾರಿಗೆ ನೀರು ಬೇಕಾದರೂ "ಸ್ವಲ್ಪ ಸರಿ" ಅನ್ನದೆ ದಾಟುವಂತಿರಲಿಲ್ಲ. ದಿನಕ್ಕೆಷ್ಟು ಸಲ ಸರಿದರೂ ಅವಳಿಗೆ ಸರಿಯಲು ಜಾಗವೇ ಇರಲಿಲ್ಲ.

ಗಂಡ ಬೇಕರಿಯ ಬ್ರೆಡ್ ಗಾಡಿ ಓಡಿಸುವವನು. ಬೆಳಕು ಹರಿಯುವ ಮುಂಚೆ ಹೊರಟು ಮಧ್ಯಾಹ್ನಕ್ಕೆ ಸೊರಗಿ ಬರುವವನಿಗೆ ಜಗಳವೆಂದರೆ ಆಗದು. ಅವನು ಗಂಟಲು ಸರಿಮಾಡಿಕೊಂಡ.

"ಅಪ್ಪ, ಮುಂದಿನ ಅಂಗಳ ಸುಮ್ಮನೆ ಬಿದ್ದಿದೆ. ಅಲ್ಲೊಂದು ಸಣ್ಣ ಕೋಣೆ ಎಬ್ಬಿಸಿ ಮೇಲೆ ಶೀಟು ಹೊದಿಸಿದರೆ ಇವಳ ಕಷ್ಟ ತಪ್ಪುತ್ತೆ."

"ಸುಮ್ಮನೆ ಬಿದ್ದಿಲ್ಲ. ನಿಮ್ಮಮ್ಮನ ಗಿಡ ಇದೆ."

"ಗಿಡ ಎಲ್ಲಿದೆ ಅಪ್ಪ? ಒಣಕಡ್ಡಿ ಇದೆ."

ಅದು ಚಳಿಯ ಕೊನೆ. ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಮಾವ ಕೈ ತೊಳೆದು ಬಂದು ಕೂತರು. ತಟ್ಟೆಯಂಚಿನ ದಾರ ಇನ್ನೂ ಅಲ್ಲೇ ಇತ್ತು.

"ಒಂದು ಬೇಸಿಗೆ ಬಿಡಿ," ಅಂದರು. "ಶಾಲೆ ತೆರೆಯೋ ಹೊತ್ತಿಗೆ ಅವು ಹೂ ಬಿಟ್ಟರೆ ಅಂಗಳದ ಮಾತು ಎತ್ತಬೇಡಿ. ಬಿಡದೆ ಹೋದರೆ ಅವಳ ಜೊತೆಗೇ ಅವೂ ಹೋದವು ಅಂದ್ಕೋತೀನಿ. ಗುದ್ದಲಿಯ ಮೊದಲ ಪೆಟ್ಟು ನಾನೇ ಹಾಕಿ ಕೊಡ್ತೀನಿ. ದೇವರ ಮುಂದೆ ಹೇಳಿದ ಮಾತು."

ಗಂಡ ಹೆಂಡತಿಯ ಮುಖ ನೋಡಿದ. ಅವಳು ತಲೆಯಾಡಿಸಿದಳು. ಒಂದು ಬೇಸಿಗೆ ತಾನೇ.

ಆ ಅಂಗಳ ಹೆಚ್ಚೆಂದರೆ ನಾಲ್ಕು ಮಂಚ ಹಿಡಿಸುವಷ್ಟು. ಬೆಳಗಿನಿಂದ ಸಂಜೆಯವರೆಗೆ ಬಿಸಿಲು ಕದಲದೆ ಕೂರುವ ಜಾಗ. ಅತ್ತೆ ಆ ಕಲ್ಲುಮಣ್ಣಿನಲ್ಲಿ ವರ್ಷ ವರ್ಷವೂ ತಾವೇ ಚಿಗುರುವ ಗಿಡಗಳನ್ನೇ ಆರಿಸಿ ಹಾಕಿದ್ದರು. ಕೆಂಪಿಗೆ ಹಳದಿ ಅಂಚಿನ ಗಲಾಟೆ ಹೂ, ಚಿನ್ನದ ಬಟ್ಟಲಿನಂಥ ಹಳದಿ ಹೂ, ಕಡ್ಡಿಯುದ್ದಕ್ಕೂ ನೀಲಿ ಕಟ್ಟುವ ಮತ್ತೊಂದು. ಚಳಿಗೆ ಕಡ್ಡಿಯೆಲ್ಲ ಒಣಗುತ್ತಿತ್ತು, ಬುಡ ಸಾಯುತ್ತಿರಲಿಲ್ಲ. "ನನ್ನ ಮೊಂಡಿಯರು" ಅನ್ನುತ್ತಿದ್ದರು ಅತ್ತೆ. ಸೊಸೆ ಹೊಸದಾಗಿ ಬಂದ ವರ್ಷ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ್ದರು:

"ಇವಕ್ಕೆ ಮುದ್ದು ಆಗಿ ಬರಲ್ಲ ಕಣೇ. ಗೊಬ್ಬರ ಬೇಡ, ದಿನಾ ನೀರು ಬೇಡ. ಬಿಸಿಲು ಮಾತ್ರ ನೆತ್ತಿ ಮೇಲೆ ಸುರೀಬೇಕು. ನೆರಳು ಬಿತ್ತೋ, ಬರೀ ಸೊಪ್ಪು. ಹೂವಿನ ಹೆಸರೇ ಇಲ್ಲ."

ಈ ಮಾತು ಸೊಸೆಯನ್ನು ಬಿಟ್ಟು ಮನೆಯಲ್ಲಿ ಬೇರಾರಿಗೂ ಗೊತ್ತಿರಲಿಲ್ಲ. ಮಾವ ಆಗ ಗುಡಾರ ಹೊಲಿಯುವ ಕಾರ್ಖಾನೆಯಲ್ಲಿದ್ದರು. ಸಂತೆಯ ಅಂಗಡಿಗೆ, ಲಾರಿಗೆ, ಆಸ್ಪತ್ರೆಯ ಹೊರಗೆ ಕಾಯುವ ಜನಕ್ಕೆ, ಮನೆ ಕಳೆದುಕೊಂಡವರಿಗೆ ಕ್ಯಾನ್ವಾಸ್ ಹೊಲಿದು ನೆರಳು ಕೊಟ್ಟ ಕೈ ಅವರದು. ರಜೆಯ ದಿನ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಾ ಹೂವನ್ನು ನೋಡುವುದಷ್ಟೇ ಅವರ ತೋಟಗಾರಿಕೆ.

ಹೋದ ಬೇಸಿಗೆಯ ಒಂದು ಮಧ್ಯಾಹ್ನ ಅತ್ತೆ ಕಳೆ ಕೀಳಲು ಅಂಗಳಕ್ಕೆ ಹೋದವರು ಗಿಡದ ಮಧ್ಯೆಯೇ ಒರಗಿಬಿಟ್ಟಿದ್ದರು. ಮಗ ಗಾಡಿಯಲ್ಲಿ, ಸೊಸೆ ಪೇಟೆಯಲ್ಲಿ. ಮಾವ ಒಳಗೆ ಝಳಕ್ಕೆ ಬಾಗಿಲು ಮುಚ್ಚಿ ಮಲಗಿದ್ದರು. ಹೆಂಡತಿ ಅಡುಗೆಮನೆಯಲ್ಲಿದ್ದಾಳೆ ಅಂದುಕೊಂಡಿದ್ದರು. ಅವರು ಎದ್ದು ಬಾಗಿಲು ತೆಗೆಯುವ ಹೊತ್ತಿಗೆ ದೇವರ ಕರೆ ಬಂದು ಹೋಗಿತ್ತು.

ಚಳಿ ಕಳೆದು ಬಿಸಿಲು ಬಲಿಯುತ್ತಲೇ ಬುಡದಲ್ಲಿ ಹಸಿರು ಮೂತಿಗಳು ಕಾಣಿಸಿದವು. ಮೊದಲು ಕಂಡವಳು ಚಿಣ್ಣಿ.

"ತಾತ, ಅಜ್ಜಿ ಗಿಡ ಎದ್ದಿದೆ!"

ಮಾವ ಬರಿಗಾಲಲ್ಲಿ ಓಡಿಬಂದರು. ಮಂಡಿಯೂರಿ ಒಂದೊಂದೇ ಬುಡ ನೋಡಿದರು. ಆ ದಿನ ಊಟದಲ್ಲಿ ಎರಡು ಸಲ ಬಡಿಸಿಕೊಂಡರು. ಅತ್ತೆ ಹೋದ ಮೇಲೆ ಹಾಗೆ ಕೇಳಿ ಬಡಿಸಿಕೊಂಡದ್ದು ಅದೇ ಮೊದಲು. ಸೊಸೆ ಬಡಿಸಿದಳು. ಬಡಿಸುವಾಗ ಮಿಷನ್ನಿನ ಮೂಲೆ ಅವಳ ಸೊಂಟಕ್ಕೆ ಬಡಿಯಿತು.

ವಾರ ಕಳೆಯಿತು. ಬಿಸಿಲು ಏರಿತು. ಒಂದು ಬೆಳಿಗ್ಗೆ ಮಾವ ಹಳೆಯ ಕ್ಯಾನ್ವಾಸ್ ಸುರುಳಿಯೊಂದನ್ನು ತಂದು ಅವಳ ಕಾಲ ಬಳಿ ಇಟ್ಟರು.

"ಮಗಳೇ, ಇದರ ನಾಲ್ಕು ಅಂಚು ಮಡಚಿ ಹೊಲಿದು ಕೊಡ್ತೀಯಾ? ನನ್ನ ಕಣ್ಣು ಸೂಜಿ ಹಿಡಿಯಲ್ಲ."

"ಯಾತಕ್ಕೆ ಮಾವ?"

"ಗಿಡಗಳಿಗೆ. ನೋಡು, ಮಧ್ಯಾಹ್ನ ತಲೆ ಜೋಲು ಹಾಕ್ತವೆ ಪಾಪ. ಮೇಲೊಂದು ಹೊದಿಕೆ ಕಟ್ಟಿಬಿಡ್ತೀನಿ."

ಅವಳ ಕಾಲು ಮಿಷನ್ನಿನ ಪೆಡಲಿನ ಮೇಲೆ ನಿಂತಿತು. ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಚಿಣ್ಣಿ ನೀರಿಗೆಂದು ಒಳಗೆ ನುಗ್ಗಿ ಕಾಲರುಗಳ ಕಟ್ಟನ್ನು ಎಡವಿ ಚೆಲ್ಲಾಪಿಲ್ಲಿ ಮಾಡಿದಳು. ಸೊಸೆ ಬಗ್ಗಿ ಆರಿಸತೊಡಗಿದಳು.

ಮಾವ ಅವಳ ಜೊತೆ ಆರಿಸುತ್ತಾ ಕೇಳಿದರು: "ನಿಮ್ಮತ್ತೆ ನಿನ್ನನ್ನ ಪಕ್ಕ ಕೂರಿಸ್ಕೊಂಡು ಮಾತಾಡ್ತಿದ್ದಳಲ್ಲ, ಇವನ್ನ ಹೇಗೆ ನೋಡ್ಕೋಬೇಕು ಅಂತ ಏನಾದರೂ ಹೇಳಿದ್ದಳಾ?"

"ಇಲ್ಲ ಮಾವ," ಅಂದಳು ಸೊಸೆ.

ಅಂದದ್ದೂ ಆಯಿತು. ಕ್ಯಾನ್ವಾಸನ್ನು ಹೊಲಿದವಳೂ ಅವಳೇ. ದಪ್ಪ ಬಟ್ಟೆಗೆ ಸೂಜಿಯೊಂದು ಮುರಿಯಿತು. ಇನ್ನೊಂದು ಹಾಕಿ ಹೊಲಿದಳು.

ಮಾವ ಕಟ್ಟಿದ ಆ ಹೊದಿಕೆ ನೋಡುವಂತಿತ್ತು. ನಾಲ್ಕು ಗೂಟ, ಹಗ್ಗಕ್ಕೆ ಬಿಗಿ ಗಂಟು, ಎಲ್ಲೂ ಸುಕ್ಕಿಲ್ಲ, ಸಂದಿನಲ್ಲಿ ಒಂದು ಕಿರಣವೂ ಇಳಿಯದು. ಎದುರುಮನೆಯವಳು ಗೇಟಿನಲ್ಲಿ ನಿಂತು, "ಏನಮ್ಮಾ, ನಿಮ್ಮ ಮಾವ ಗಿಡಗಳಿಗೆ ಚಪ್ಪರ ಹಾಕಿದ್ದಾರೆ, ಮದುವೆ ಯಾವಾಗ?" ಅಂದಳು.

"ಗಂಡು ಸಿಕ್ಕಿಲ್ಲ," ಅಂದಳು ಸೊಸೆ. ಇಬ್ಬರೂ ನಕ್ಕರು. ಒಳಗೆ ಬಂದ ಮೇಲೆ ಅವಳಿಗೆ ತನ್ನ ನಗುವೇ ಒಗ್ಗಲಿಲ್ಲ.

ನೆರಳಿನಲ್ಲಿ ಗಿಡಗಳು ಉದ್ದುದ್ದ ಬೆಳೆದವು. ಮಾವನಿಗೆ ಅದೇ ಹಿಗ್ಗು. "ಹೋದ ವರ್ಷ ಇಷ್ಟೆತ್ತರ ಇರಲಿಲ್ಲ," ಅನ್ನುತ್ತಿದ್ದರು. ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಚೊಂಬಿನಲ್ಲಿ ನೀರು, ಸಂಜೆ ಅಕ್ಕಿ ತೊಳೆದ ನೀರು, ಮಧ್ಯೆ ಚಹಾದ ಗಸಿ. ಕಡ್ಡಿಗಳು ಬೆಳಕು ಹುಡುಕಿಕೊಂಡು ಹೊದಿಕೆಯ ಅಂಚಿನತ್ತ ವಾಲಿದವು. ಮಾವ ಅವಕ್ಕೆ ಊರುಗೋಲು ಕೊಟ್ಟು ಕಟ್ಟಿದರು. ಎಲೆಯೋ ಎಲೆ. ಮೊಗ್ಗು ಮಾತ್ರ ಒಂದೂ ಇಲ್ಲ.

"ಇಷ್ಟು ಊಟ ಹಾಕ್ತಿದ್ದೀನಿ, ಯಾಕೆ ಹೀಗೆ?" ಅನ್ನುತ್ತಿದ್ದರು ಊಟಕ್ಕೆ ಕೂತಾಗ. ಕೇಳುತ್ತಿದ್ದದ್ದು ಯಾರನ್ನೋ. ಉತ್ತರ ಕೊಡಬೇಕಾದವಳು ಪಲ್ಯದ ಪಾತ್ರೆ ತರಲು ಏಳುತ್ತಿದ್ದಳು.

ಒಂದು ಮಧ್ಯಾಹ್ನ ಅಂಗಳದಲ್ಲಿ ತಾತ ಮೊಮ್ಮಗಳ ಮಾತು ನಡೆದಿತ್ತು. ಕಿಟಕಿ ತೆರೆದಿತ್ತು. ಸೊಸೆ ಅಂಗಿಯ ಗುಂಡಿಗೆ ಕಾಜ ಹೊಲಿಯುತ್ತಿದ್ದಳು.

"ತಾತ, ಇದನ್ನ ಬಿಚ್ಚಿಬಿಡೋಣ. ಒಳಗೆ ಕತ್ತಲೆ."

"ಬೇಡ ಪುಟ್ಟ."

"ಅಜ್ಜಿ ಕಟ್ಟಿರಲಿಲ್ಲ."

"ಕಟ್ಟಿರಲಿಲ್ಲ," ಅಂದರು ಮಾವ, ಹಗ್ಗದ ಗಂಟು ಬಿಗಿಯುತ್ತಾ. "ಊರಿಗೆಲ್ಲ ನೆರಳು ಹೊಲಿದು ಕೊಟ್ಟೆ ಕಣಮ್ಮ ನಾನು. ಅವತ್ತು ನಿಮ್ಮಜ್ಜಿ ತಲೆ ಮೇಲೆ ಒಂದು ಮೊಳ ಬಟ್ಟೆ ಇದ್ದಿದ್ದರೆ ಸಾಕಿತ್ತು. ಕಟ್ಟೋಕೆ ಬರೋನು ನಾನೊಬ್ಬನೇ. ನಾನು ಮಲಗಿದ್ದೆ."

ಒಳಗೆ ಮಿಷನ್ನು ನಿಂತಿತ್ತು.

ಅಂದು ಸಂಜೆ ಹೇಳಿಬಿಡಬೇಕು ಅಂದುಕೊಂಡಳು. ಗಂಡ ಬ್ರೆಡ್ಡಿನ ಚೀಲ ಕೆಳಗಿಟ್ಟು ಉತ್ಸಾಹದಿಂದ, "ಗಾರೆಯವನನ್ನ ನೋಡಿ ಬಂದೆ. ಮುಂದಿನ ವಾರ, ಶಾಲೆ ತೆರೆಯೋ ಹೊತ್ತಿಗೆ ಬರ್ತಾನಂತೆ. ಕಿಟಕಿ ಯಾವ ಕಡೆ ಇಡಲಿ, ಹೇಳು," ಅಂದ. ಯಾವತ್ತೂ ಅವಳನ್ನು ಹೀಗೆ ಯಾರೂ ಕೇಳಿರಲಿಲ್ಲ. ಕಿಟಕಿ ಯಾವ ಕಡೆ. ಮಿಷನ್ನಿಗೆ ಎಡಗಡೆಯಿಂದ ಬೆಳಕು ಬರಬೇಕು.

"ಎಡಕ್ಕೆ," ಅಂದಳು.

ಗಾರೆಯವನು ಬಂದದ್ದು ಬೆಳಗಿನ ತಿಂಡಿಯ ಹೊತ್ತಿಗೆ, ಕರಣಿ, ಗುದ್ದಲಿ, ನೂಲಿನ ಉಂಡೆ ಹಿಡಿದು. ಗಂಡ ಆ ದಿನ ರಜೆ ಹಾಕಿದ್ದ. ಮಾವ ಬ್ರೆಡ್ಡನ್ನು ಚಹಾದಲ್ಲಿ ಅದ್ದಿದವರು ಅದನ್ನು ಬಾಯಿಗಿಡಲಿಲ್ಲ. ಎದ್ದು ಹೊರಗೆ ಹೋಗಿ, ಹೊದಿಕೆಯ ಅಡಿ ಬಗ್ಗಿ, ಒಂದೊಂದು ಗಿಡದ ತುದಿಯನ್ನೂ ಮುಟ್ಟಿ ನೋಡಿದರು. ಕೊನೆಯ ಸಲ ಹುಡುಕುವವರಂತೆ ಹುಡುಕಿದರು.

"ಇಲ್ಲ," ಅಂದರು. "ಬಿಟ್ಟಿಲ್ಲ. ಬಾರಪ್ಪಾ, ಗುದ್ದಲಿ ಇಲ್ಲಿ ಕೊಡು. ಮೊದಲ ಪೆಟ್ಟು ನಾನು ಹಾಕ್ತೀನಿ ಅಂದಿದ್ದೆ."

"ಅಪ್ಪ, ನೀವ್ಯಾಕೆ? ಅವನು ಮಾಡ್ತಾನೆ."

"ಮಾತು ಕೊಟ್ಟೋನು ನಾನು."

ಗುದ್ದಲಿಯ ಕಾವು ಮಾವನ ಕೈಗೆ ಬಂತು. ಸೊಸೆ ಬಾಗಿಲಲ್ಲಿ ನಿಂತಿದ್ದಳು. ಮಾವ ಗುದ್ದಲಿ ಎತ್ತುವ ಮೊದಲು ಕಣ್ಣು ಮುಚ್ಚಿ ತುಟಿ ಆಡಿಸಿದರು. ಅತ್ತೆಯನ್ನು ಹೊತ್ತು ಒಯ್ದ ದಿನವೂ ಅವರ ತುಟಿ ಹಾಗೇ ಆಡಿತ್ತು.

"ನಿಲ್ಲಿ ಮಾವ."

ಎಲ್ಲರೂ ತಿರುಗಿದರು.

"ಅವು ಸತ್ತಿಲ್ಲ. ನೆರಳಿಗೆ ಹೂ ಬಿಟ್ಟಿಲ್ಲ ಅಷ್ಟೆ. ಅವಕ್ಕೆ ಬಿಸಿಲೇ ಬೇಕು. ನೀರೂ ಬೇಡ, ಹೊದಿಕೆನೂ ಬೇಡ."

"ನಿನಗೆ ಯಾರು ಹೇಳಿದ್ದು?" ಅಂದ ಗಂಡ.

"ಅತ್ತೆ."

"ಯಾವಾಗ?"

"ನಾನು ಈ ಮನೆಗೆ ಬಂದ ವರ್ಷ."

ಗಾರೆಯವನು ಕೆಮ್ಮಿದ. ಮಾವ ಅವಳನ್ನೇ ನೋಡುತ್ತಿದ್ದರು.

"ನಾನು ಕೇಳಿದ್ದೆ," ಅಂದರು ಮೆಲ್ಲಗೆ. "ನಿನ್ನನ್ನ ಕೇಳಿದ್ದೆ ನಾನು."

"ಕೇಳಿದ್ರಿ. ಇಲ್ಲ ಅಂದೆ. ನನಗೆ ಕೋಣೆ ಬೇಕಿತ್ತು."

ಮಾವ ಗುದ್ದಲಿಯನ್ನು ಗಾರೆಯವನ ಕೈಗೆ ಕೊಟ್ಟು ಒಳಗೆ ಹೋದರು. ಅವರ ಕೋಣೆಯ ಬಾಗಿಲು ಮುಚ್ಚಿಕೊಂಡಿತು.

"ನಾಳೆ ಬರಲಾ?" ಅಂದ ಗಾರೆಯವನು.

"ಬೇಡ, ಹೋಗಪ್ಪ," ಅಂದ ಗಂಡ. ಅವನು ಹೋದ ಮೇಲೆ ಹೆಂಡತಿಯತ್ತ ತಿರುಗಿ, "ಒಂದು ಸುಳ್ಳು ಹೇಳಿದ್ದೆ, ಇನ್ನೊಂದು ಗಳಿಗೆ ಅದನ್ನೇ ಹಿಡ್ಕೊಂಡಿರೋಕೆ ಆಗಲಿಲ್ವಾ?" ಅಂದ.

"ಅವರ ಕೈಯಲ್ಲಿ ಗುದ್ದಲಿ ನೋಡಿದ್ರೇನ್ರೀ ನೀವು?"

ಅವನು ಚಪ್ಪಲಿ ಮೆಟ್ಟಿ ಬೀದಿಗಿಳಿದ.

ಆಮೇಲಿನ ದಿನಗಳಲ್ಲಿ ಮಾವ ಸೊಸೆಯ ಕೈಯ ಊಟ ಮಾಡಲಿಲ್ಲ. ಬೈಯಲೂ ಇಲ್ಲ. ಊಟದ ಹೊತ್ತಿಗೆ ಅಡುಗೆಮನೆಗೆ ಬಂದು ಬ್ರೆಡ್ಡು ತೆಗೆದುಕೊಂಡು, ತಾವೇ ಹಾಲು ಕಾಯಿಸಿಕೊಂಡು, ಲೋಟ ತೊಳೆದಿಟ್ಟು ಹೋಗುತ್ತಿದ್ದರು. ಅವರು ಬರುವಾಗ ಅವಳು ಮಿಷನ್ನು ಸರಿಸುತ್ತಿದ್ದಳು. ಅವರು ಗೋಡೆ ಸವರಿಕೊಂಡು ದಾಟುತ್ತಿದ್ದರು. ಇಬ್ಬರ ನಡುವಿನ ಮಾತೆಲ್ಲ ಚಿಣ್ಣಿಯ ಮೂಲಕ.

"ತಾತ, ಅಮ್ಮ ಕೇಳ್ತಿದ್ದಾಳೆ, ಬೇಳೆ ಬೇಕಾ ಅಂತ."

"ಬೇಡ ಅನ್ನು."

"ಅಮ್ಮ, ಬೇಡವಂತೆ. ಒಬ್ಬರ ಮಾತು ಒಬ್ಬರಿಗೆ ಕೇಳಿಸುತ್ತಲ್ಲ, ನಾನ್ಯಾಕೆ ಹೇಳಬೇಕು?"

"ಸುಮ್ಮನಿರು."

ಹೊದಿಕೆ ಹಾಗೇ ಇತ್ತು. ಮಾವ ನೀರು ಹಾಕುವುದನ್ನು ನಿಲ್ಲಿಸಿದ್ದರು. ದಿನಾ ಮಧ್ಯಾಹ್ನ ಅಂಗಳಕ್ಕೆ ಹೋಗಿ ಗೂಟದ ಗಂಟಿಗೆ ಕೈ ಹಾಕುತ್ತಿದ್ದರು. ಅಲ್ಲೇ ನಿಂತಿದ್ದು ಕೈ ಹಿಂತೆಗೆದು ಒಳಗೆ ಬಂದುಬಿಡುತ್ತಿದ್ದರು. ಬಿಗಿ ಗಂಟು ಅವರಿಗೆ ಕಷ್ಟವಲ್ಲ, ಎಂಥ ಗಂಟನ್ನೂ ಎರಡು ಬೆರಳಲ್ಲಿ ಬಿಚ್ಚುವವರು. ಸೊಸೆ ಕಿಟಕಿಯಿಂದ ನೋಡುತ್ತಿದ್ದಳು.

ಮೂರನೆಯ ಸಲ ಅವರು ಹಾಗೆ ನಿಂತಾಗ ಅವಳು ಹೊಲಿಗೆ ಬಿಟ್ಟು ಹೊರಗೆ ಬಂದಳು. ಎದುರಿನ ಗೂಟದ ಬಳಿ ಹೋಗಿ ಗಂಟಿಗೆ ಉಗುರು ಹಾಕಿದಳು. ಅದು ಅವಳಿಗೆ ಸಡಿಲವಾಗಲಿಲ್ಲ. ಹಲ್ಲು ಕಚ್ಚಿ ಎಳೆದಳು, ಉಗುರು ಮುರಿಯಿತು.

"ಹಾಗಲ್ಲ," ಅಂದರು ಮಾವ. ಅಷ್ಟು ದಿನಗಳಲ್ಲಿ ಅವಳಿಗೇ ಆಡಿದ ಮೊದಲ ಮಾತು. "ಎಳೆದರೆ ಇನ್ನೂ ಬಿಗಿಯುತ್ತೆ. ಹಿಂದಕ್ಕೆ ತಳ್ಳು."

ಅವಳು ಹಿಂದಕ್ಕೆ ತಳ್ಳಿದಳು. ಗಂಟು ಬಿಚ್ಚಿತು. ಮಾವನೂ ತಮ್ಮ ಕಡೆಯದನ್ನು ಬಿಚ್ಚಿದರು. ಕ್ಯಾನ್ವಾಸಿನ ಒಂದು ಮಗ್ಗುಲು ಕುಸಿದು, ಗಿಡಗಳ ಮೇಲೆ ಬಿಸಿಲು ಒಮ್ಮೆಗೇ ಬಿತ್ತು. ಮಾವ ಮುಖ ತಿರುಗಿಸಿ ಗೋಡೆ ಹಿಡಿದುಕೊಂಡರು. ಅವಳು ಉಳಿದೆರಡು ಗಂಟು ಬಿಚ್ಚಿ, ಬಟ್ಟೆ ಮಡಚಿ, ಅವರು ಒಳಗೆ ಹೋಗುವ ತನಕ ಅಲ್ಲೇ ನಿಂತಳು.

ಬಿಸಿಲಿಗೆ ಒಡ್ಡಿದ ಮೊದಲ ದಿನಗಳಲ್ಲಿ ಉದ್ದ ಕಡ್ಡಿಗಳು ಬಾಡಿ ನೆಲ ಕಂಡವು. ಸೊಸೆ ಕತ್ತರಿ ತಂದು ಅವನ್ನು ಗೇಣುದ್ದಕ್ಕೆ ಕತ್ತರಿಸಿದಳು, ಅತ್ತೆ ಮಾಡುತ್ತಿದ್ದ ಹಾಗೆ. ಮಾವ ಮೆಟ್ಟಿಲ ಮೇಲೆ ಕೂತು ನೋಡಿದರು.

ಶಾಲೆ ತೆರೆದ ಮೇಲೆ ಬಟ್ಟೆಯ ರಾಶಿ ಹೆಚ್ಚಿತು. ಒಂದು ಭಾನುವಾರ ಅವಳು ಅಂಗಡಿಯಿಂದ ಬರುವಾಗ ಇಕ್ಕಟ್ಟಿನ ಜಾಗ ಖಾಲಿಯಾಗಿತ್ತು. ಹಜಾರದ ಗೋಡೆಗೆ ಮಾವನ ಮಂಚ.

"ಮಿಷನ್ ಎಲ್ಲಿ?"

"ತಾತನ ಕೋಣೆಯಲ್ಲಿ," ಅಂದಳು ಚಿಣ್ಣಿ. "ಅಪ್ಪ, ತಾತ ಸೇರಿ ಎತ್ತಿದರು. ಅಪ್ಪನ ಕಾಲ್ಬೆರಳಿಗೆ ಬಿತ್ತು. ಅಪ್ಪ ಕೆಟ್ಟ ಮಾತು ಆಡಿದ."

ಅತ್ತೆ ಮಾವ ಮಲಗುತ್ತಿದ್ದ ಕೋಣೆ. ಮಿಷನ್ನು ಕಿಟಕಿಯ ಪಕ್ಕದಲ್ಲಿತ್ತು, ಬೆಳಕು ಎಡದಿಂದ ಬೀಳುವ ಹಾಗೆ. ಅವಳು ಹಜಾರಕ್ಕೆ ಬಂದಳು.

"ಮಾವ, ಇದು ಬೇಡ. ನಿಮ್ಮ ಕೋಣೆ ನಿಮಗಿರಲಿ."

"ಅಲ್ಲಿ ನನಗೆ ನಿದ್ದೆ ಎಲ್ಲಿ ಬರ್ತಿತ್ತು?" ಅಂದರು ಅವರು, ಕಂಬಳಿ ಕೊಡವುತ್ತಾ. "ಇಲ್ಲಾದರೆ ಮಗು ಓದೋದು ಕೇಳಿಸುತ್ತೆ."

"ನಾನು ಮಾಡಿದ್ದು..."

"ಮಾಡಿದ್ದೆ. ನನಗೆ ಮರೆಯೋಕಾಗಿಲ್ಲ, ಸುಳ್ಳು ಯಾಕೆ ಹೇಳಲಿ? ಒಂದು ಇಡೀ ಬೇಸಿಗೆ ನಾನು ದೇವರನ್ನ ಕೇಳಿದೆ, ಯಾಕೆ ಅಂತ. ಉತ್ತರ ಒಳಗೇ ಕೂತು ಬಟ್ಟೆ ಹೊಲೀತಿತ್ತು." ದಿಂಬನ್ನು ಮಂಚದ ತಲೆಗಿಟ್ಟರು. "ಆದರೆ ಆ ಇಕ್ಕಟ್ಟಲ್ಲಿ ನೀನು ಸರಿದು ಸರಿದು ಸಾಯ್ತಿದ್ದೆ. ಅದನ್ನೂ ನಾನು ದಿನಾ ನೋಡಿದೆ. ನೋಡಿ ಊಟ ಮಾಡಿದೆ. ಹೋಗು, ಏನಾದರೂ ಮಾಡಿದ್ದರೆ ಬಡಿಸು."

ಅವಳು ಬಡಿಸಿದಳು. ಯಾರೂ ಏನನ್ನೂ ಸರಿಸಬೇಕಾಗಲಿಲ್ಲ.

ಹೂ ಬಿಟ್ಟದ್ದು ಶಾಲೆ ತೆರೆದು ಎಷ್ಟೋ ವಾರದ ಮೇಲೆ. ಮಾವ ಕೊಟ್ಟ ಗಡುವು ದಾಟಿತ್ತು, ಯಾರೂ ಅದರ ಮಾತೆತ್ತಲಿಲ್ಲ. ಗಿಡ್ಡ ಕಡ್ಡಿಯ ತುದಿಯಲ್ಲಿ ಮೊದಲು ಕೆಂಪು, ಆಮೇಲೆ ಹಳದಿ. ನೀಲಿಯದು ಉಳಿಯಲಿಲ್ಲ. ಅತಿ ನೀರಿಗೆ ಅದರ ಬುಡ ಕೊಳೆತಿತ್ತು. ಮಾವ ಅದನ್ನು ಕಿತ್ತು ಕೈಯಲ್ಲಿ ಬಹಳ ಹೊತ್ತು ಹಿಡಿದುಕೊಂಡಿದ್ದರು.

ಆ ಗಿಡಗಳಲ್ಲಿ ಬಾಡಿದ ಹೂವನ್ನು ಆಗಾಗ ಚಿವುಟಬೇಕು, ಇಲ್ಲದಿದ್ದರೆ ಹೊಸ ಮೊಗ್ಗು ಕಟ್ಟುವುದಿಲ್ಲ. ಸೊಸೆಗೆ ಬಿಡುವಾಗುತ್ತಿದ್ದದ್ದು ಮಧ್ಯಾಹ್ನವೇ. ಒಂದು ದಿನ ಬಿಸಿಲು ಬೆಂಕಿ ಸುರಿದ ಹಾಗಿತ್ತು. ಅವಳು ಕುಕ್ಕರಗಾಲಲ್ಲಿ ಕೂತು ಒಂದೊಂದೇ ಚಿವುಟುತ್ತಾ, ಬುಡದ ಕಳೆ ಕೀಳುತ್ತಾ ಮುಂದೆ ಸರಿಯುತ್ತಿದ್ದಳು. ಬೆನ್ನಿನ ಮೇಲೆ ತಟ್ಟನೆ ತಂಪಾಯಿತು.

ಮಾವ ಮತ್ತೆ ಬಟ್ಟೆ ಕಟ್ಟಿದರೋ ಎಂದು ಬೆಚ್ಚಿ ತಲೆಯೆತ್ತಿದಳು. ಗಿಡಗಳೆಲ್ಲ ಬಿಸಿಲಿನಲ್ಲೇ ಇದ್ದವು. ಮಾವ ಅವಳ ಹಿಂದೆ ನಿಂತು ಕೊಡೆಯನ್ನು ತೋಳುದ್ದ ಚಾಚಿ ಅವಳ ತಲೆಯ ಮೇಲೆ ಹಿಡಿದಿದ್ದರು. ಅವರ ಬೋಳು ನೆತ್ತಿ ಬಿಸಿಲಿಗೆ ಹೊಳೆಯುತ್ತಿತ್ತು.

"ಗಿಡಕ್ಕೆ ನೆರಳು ತಾಗದ ಹಾಗೆ ಹಿಡ್ಕೊಂಡಿದ್ದೀನಿ," ಅಂದರು. "ನಿನ್ನ ಕೆಲಸ ನೀನು ಮುಗಿಸು."

"ಮಾವ, ನೀವು ಒಳಗೆ ಹೋಗಿ. ತಲೆ ಸುಡುತ್ತೆ."

"ನೀನು ಎದ್ದ ಮೇಲೆ."

"ಇನ್ನೂ ಅರ್ಧ ಸಾಲಿದೆ."

"ಇರಲಿ. ನನಗೇನೂ ಅವಸರ ಇಲ್ಲ. ನಿದ್ದೆಯಂತೂ ಮಾಡಲ್ಲ."

ತೋಳು ಸೋತು ಕೊಡೆ ಕೆಳಗಿಳಿಯುತ್ತಿತ್ತು. ನೆರಳು ಅವಳ ಭುಜದಿಂದ ಜಾರಿತು. ಮಾವ ಒಂದು ಹೆಜ್ಜೆ ಸರಿದು ಮತ್ತೆ ಅದನ್ನು ಅವಳ ಮೇಲೆ ತಂದರು.

ಸಾಲು ಅರ್ಧ ಉಳಿದಿತ್ತು. ಸೊಸೆ ಕೈಯ ಮಣ್ಣು ಕೊಡವಿ ಎದ್ದು ನಿಂತಳು.